ಕರೆಂಟು ಉಳಿಸುವ ಫ್ಯಾನು ಕೆಟ್ಟರೆ ಯಾರಿಗೆ ಕೊಡುವುದು?

ಸೀಲಿಂಗ್ ಫ್ಯಾನನ್ನು ಐದಕ್ಕೆ ಇಟ್ಟರೂ ಎರಡಕ್ಕೆ ಇಟ್ಟಂತೆ ತಿರುಗುತ್ತಿದೆಯೆಂದರೆ ಸಾಮಾನ್ಯವಾಗಿ ತಪ್ಪು ಕಂಡೆನ್ಸರಿನದು. ಹೆಬ್ಬೆರಳಿಗಿಂತ ತುಸು ದಪ್ಪದ ಪ್ಲಾಸ್ಟಿಕ್ ಡಬ್ಬಿ, ಅದರಿಂದ ಹೊರಟ ಎರಡು ವೈರು, ಮೈಮೇಲೆ 2.5 ಮೈಕ್ರೋಫ್ಯಾರಡ್ ಎಂಬ ಬರಹ. ಬೆಲೆ ಐವತ್ತು ರೂಪಾಯಿಯ ಆಸುಪಾಸು. ಮೇನ್ ಸ್ವಿಚ್ ಆರಿಸಿ, ಏಣಿ ಹಾಕಿ, ಫ್ಯಾನಿನ ನೆತ್ತಿಯ ಬಟ್ಟಲನ್ನು ಸರಿಸಿದರೆ ಬಲ್ಲವರಿಗೆ ಹತ್ತು ನಿಮಿಷದ ಕೆಲಸ.

ಈ ಡಬ್ಬಿ ಇಲ್ಲದೆ ಫ್ಯಾನು ಯಾಕೆ ತಿರುಗುವುದಿಲ್ಲ? ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಅದೊಂದರಿಂದಲೇ ಹುಟ್ಟುವ ಕಾಂತಕ್ಷೇತ್ರವೂ ಹಿಂದೆ ಮುಂದೆ ಆಡುತ್ತದೆಯೇ ಹೊರತು ಸುತ್ತುವುದಿಲ್ಲ. ಹಾಗಾಗಿ ಮೋಟಾರಿನಲ್ಲಿ ಎರಡು ಸುರುಳಿಗಳಿರುತ್ತವೆ. ಒಂದಕ್ಕೆ ಕರೆಂಟು ನೇರ ಹೋಗುತ್ತದೆ, ಇನ್ನೊಂದಕ್ಕೆ ಕಂಡೆನ್ಸರಿನ ಮೂಲಕ ಕೊಂಚ ಸಮಯದ ವ್ಯತ್ಯಾಸದಲ್ಲಿ ಹೋಗುತ್ತದೆ. ಇವೆರಡೂ ಸೇರಿ ಸುತ್ತುವ ಕಾಂತಕ್ಷೇತ್ರವೊಂದು ಹುಟ್ಟುತ್ತದೆ, ಫ್ಯಾನಿನ ಹೊರಗವಚ ಅದರ ಬೆನ್ನು ಹತ್ತಿ ತಿರುಗುತ್ತದೆ. ಕಂಡೆನ್ಸರಿನೊಳಗೆ ಸುತ್ತಿಟ್ಟಿರುವುದು ಲೋಹದ ತೆಳುಲೇಪವಿರುವ ಪ್ಲಾಸ್ಟಿಕ್ ಹಾಳೆ. ವೋಲ್ಟೇಜು ಏರಿದಾಗ ಹಾಳೆಯಲ್ಲಿ ಸೂಜಿಮೊನೆಯಷ್ಟು ಜಾಗ ಸುಟ್ಟರೆ ಅದರ ಸುತ್ತಲಿನ ಲೋಹ ಆವಿಯಾಗಿ ಹೋಗುತ್ತದೆ, ಸುಟ್ಟ ಜಾಗ ಬೇರ್ಪಟ್ಟು ಡಬ್ಬಿ ಉಳಿದುಕೊಳ್ಳುತ್ತದೆ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ವಸ್ತು ಅದು. ಆದರೆ ಪ್ರತಿ ಗಾಯಕ್ಕೂ ಅದರ ಸಾಮರ್ಥ್ಯ ಕೊಂಚ ಕುಗ್ಗುತ್ತದೆ. ವರ್ಷಗಳು ಕಳೆದಂತೆ 2.5 ಇದ್ದದ್ದು 1.5ಕ್ಕೆ ಇಳಿದರೆ ಫ್ಯಾನು ಸೊರಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯಿದೆ. ಅಂಗಡಿಯವರು ಕಂಡೆನ್ಸರ್ ಕೊಡುವಾಗ ಫ್ಯಾನು ಯಾವ ಕಂಪನಿಯದೆಂದು ಕೇಳುವುದಿಲ್ಲ, ಎಷ್ಟು ಮೈಕ್ರೋಫ್ಯಾರಡ್ ಎಂದು ಕೇಳುತ್ತಾರೆ. ಬೇರಿಂಗ್ ಸದ್ದು ಮಾಡಿದರೆ 6202 ಎಂದೋ 6201 ಎಂದೋ ನಂಬರು ಹೇಳಿದರೆ ಸಾಕು. ಸುರುಳಿಯೇ ಸುಟ್ಟಿದ್ದರೆ ವೈಂಡಿಂಗ್ ಅಂಗಡಿಯವರು ಹಳೆಯ ತಂತಿ ಬಿಚ್ಚಿ, ಸುತ್ತು ಎಣಿಸಿ, ಅದೇ ಗೇಜಿನ ತಾಮ್ರ ಸುತ್ತಿಕೊಡುತ್ತಾರೆ. ಕಂಪನಿ ಬಾಗಿಲು ಮುಚ್ಚಿ ಹೋಗಿದ್ದರೂ ಅದರ ಫ್ಯಾನು ಮಾತ್ರ ತಿರುಗುತ್ತಲೇ ಇರಲು ಕಾರಣ ಈ ನಂಬರುಗಳು. ಎಲ್ಲರಿಗೂ ಗೊತ್ತಿರುವ ಅಳತೆಯೇ ರಿಪೇರಿಯ ಜೀವ.

ಹಾಗಾದರೆ ಹಳೆಯ ಫ್ಯಾನೇ ಒಳ್ಳೆಯದು ಎಂದು ಹೇಳಿಬಿಡಬಹುದೇ? ಅದು ಓಡುವಾಗ ಸುಮಾರು 75 ವ್ಯಾಟ್ ಎಳೆಯುತ್ತದೆ. ಈಚೆಗೆ ಎಲ್ಲೆಲ್ಲೂ ಕಾಣುವ ಬಿಎಲ್‌ಡಿಸಿ (ಬ್ರಷ್‌ಲೆಸ್ ಡಿಸಿ) ಫ್ಯಾನು ಹೆಚ್ಚುಕಡಿಮೆ ಅಷ್ಟೇ ಗಾಳಿಯನ್ನು 30 ವ್ಯಾಟಿನಲ್ಲಿ ಕೊಡುತ್ತದೆ. ಅಂದರೆ ಹಳೆಯದರ 75ರಲ್ಲಿ ಕನಿಷ್ಠ 45 ವ್ಯಾಟ್ ಗಾಳಿಗೆ ಹೋಗುತ್ತಲೇ ಇರಲಿಲ್ಲ, ಬಿಸಿಯಾಗಿ ಪೋಲಾಗುತ್ತಿತ್ತು. ರಾತ್ರಿಯಿಡೀ ಓಡಿದ ಫ್ಯಾನನ್ನು ಆರಿಸಿ ಮೋಟಾರಿನ ಹೊಟ್ಟೆ ಮುಟ್ಟಿ ನೋಡಿ, ಕೈಗೇ ತಿಳಿಯುತ್ತದೆ.

ಹೊಸ ಫ್ಯಾನಿನ ಹೊರಗವಚದಲ್ಲಿ ಶಾಶ್ವತ ಕಾಂತಗಳನ್ನೇ ಅಂಟಿಸಿರುತ್ತಾರೆ. ಅಲ್ಲಿ ಕಾಂತತ್ವ ಹುಟ್ಟಿಸಲು ಬೇರೆ ಕರೆಂಟು ಖರ್ಚು ಮಾಡಬೇಕಿಲ್ಲ. ಬದಲಿಗೆ ಒಳಗಿನ ಯಾವ ಸುರುಳಿಗೆ ಯಾವ ಕ್ಷಣದಲ್ಲಿ ಕರೆಂಟು ಕೊಡಬೇಕೆಂದು ಲೆಕ್ಕ ಹಾಕುವ ಮೆದುಳೊಂದು ಬೇಕು. ಅಂಗೈಯಗಲದ ಸರ್ಕ್ಯೂಟ್ ಬೋರ್ಡು ಆ ಕೆಲಸ ಮಾಡುತ್ತದೆ. 230 ವೋಲ್ಟಿನ ಎಸಿ ಕರೆಂಟನ್ನು ಡಿಸಿ ಮಾಡಿ, ಕಾಂತ ಎಲ್ಲಿದೆಯೆಂದು ಪತ್ತೆ ಹಚ್ಚಿ, ಸುರುಳಿಗಳಿಗೆ ಸರದಿಯಂತೆ ಕರೆಂಟು ಹಂಚುತ್ತದೆ. ವೇಗ ಇಳಿಸಿದಾಗ ಶೇಕಡಾವಾರು ಉಳಿತಾಯ ಇನ್ನೂ ಹೆಚ್ಚು. ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿಯ ಮೇಲೆ ಹಳೆಯದಕ್ಕಿಂತ ಎರಡರಷ್ಟು ಹೊತ್ತಿಗೂ ಮೀರಿ ಓಡುತ್ತದೆ.

ಕೆಡುವುದೂ ಈ ಬೋರ್ಡೇ. ಡಿಸಿಯನ್ನು ಸಮ ಮಾಡುವ ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನೊಳಗೆ ದ್ರವವಿರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಲೆಕ್ಟ್ರಾನಿಕ್ಸ್‌ನಲ್ಲಿ ಎಲ್ಲರೂ ಬಳಸುವ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಆರ್‌ಸಿಸಿ ಚಾವಣಿಯ ಕೆಳಗೆ ಅದರ ಗತಿ ಊಹಿಸಿಕೊಳ್ಳಿ. ಮಲೆನಾಡಿನಲ್ಲಿ ಗುಡುಗು ಸಿಡಿಲಿಗೆ ವೋಲ್ಟೇಜು ಒಮ್ಮೆಲೇ ಏರಿದರೂ ಬೋರ್ಡಿಗೇ ಪೆಟ್ಟು. (ಬಿಎಲ್‌ಡಿಸಿ ಫ್ಯಾನನ್ನು ಹಳೆಯ ರೆಗ್ಯುಲೇಟರಿನ ಮೂಲಕ ಜೋಡಿಸಿ ತಿರುವುತ್ತಿದ್ದರೂ ಬೋರ್ಡಿಗೆ ಹಾನಿ. ರೆಗ್ಯುಲೇಟರ್ ತೆಗೆಸಿ ನೇರ ವೈರು ಕೊಡಿಸಬೇಕು.)

ಕೆಟ್ಟ ಬೋರ್ಡು ಹಿಡಿದು ಅಂಗಡಿಗೆ ಹೋದರೆ ಮೊದಲ ಪ್ರಶ್ನೆ: ‘ಯಾವ ಕಂಪನಿ? ಯಾವ ಮಾಡೆಲ್?’ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಸರ್ಕ್ಯೂಟಿನ ನಕ್ಷೆ ಹೊರಗೆ ಸಿಗುವುದಿಲ್ಲ, ಚಿಪ್ಪಿನೊಳಗಿನ ಪ್ರೋಗ್ರಾಂ ಕಂಪನಿಯ ಗುಟ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ‘ಯೂನಿವರ್ಸಲ್’ ಬೋರ್ಡು ಸಿಗುತ್ತದೆ, ನಿಜ. ಆದರೆ ಕಾಂತಗಳ ಸಂಖ್ಯೆ, ಸುರುಳಿಯ ವೋಲ್ಟೇಜು ಹೊಂದದಿದ್ದರೆ ಫ್ಯಾನು ತೊದಲುತ್ತದೆ. ಸರ್ವೀಸ್ ಸೆಂಟರ್ ಇಲ್ಲದ ಊರಿನಲ್ಲಿ ವಾರಂಟಿ ಮುಗಿದ ಮೇಲೆ ಇಂಥ ಫ್ಯಾನು ಸೀದಾ ಗುಜರಿಗೆ ಹೋಗುತ್ತದೆ. ಅದರ ಬೇರಿಂಗು, ತಾಮ್ರ, ರೆಕ್ಕೆ ಎಲ್ಲ ಚೆನ್ನಾಗಿಯೇ ಇರುತ್ತವೆ.

ಇನ್ನು ದುಡ್ಡಿನ ಲೆಕ್ಕ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡುವ ಫ್ಯಾನಿನಲ್ಲಿ 45 ವ್ಯಾಟ್ ಉಳಿದರೆ ವರ್ಷಕ್ಕೆ 162 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ 972 ರೂಪಾಯಿ. ಹನ್ನೆರಡು ವರ್ಷಕ್ಕೆ ಹನ್ನೊಂದೂವರೆ ಸಾವಿರ ದಾಟುತ್ತದೆ. ಫ್ಯಾನಿನ ಬೆಲೆ ಮೂರು ಸಾವಿರ ಎಂದಿಟ್ಟುಕೊಂಡರೆ, ನಾಲ್ಕು ವರ್ಷಕ್ಕೊಮ್ಮೆ ಬಿಸಾಡಿ ಹೊಸದು ಕೊಂಡರೂ ನಷ್ಟವಿಲ್ಲ. ರಿಪೇರಿಯ ಪರವಾಗಿ ಮಾತಾಡುವವರಿಗೆ ಇದು ಇರಿಸುಮುರಿಸು ತರುವ ಲೆಕ್ಕ, ಆದರೆ ಮುಚ್ಚಿಡುವಂತಿಲ್ಲ. ಕರೆಂಟಿನ ಉಳಿತಾಯ ಎಷ್ಟು ದೊಡ್ಡದೆಂದರೆ ಬೋರ್ಡಿನ ದೋಷ ಅದರ ಮರೆಯಲ್ಲಿ ಅಡಗಿಬಿಡುತ್ತದೆ. ಆ ದೋಷ ಸರಿಪಡಿಸಲು ಕಂಪನಿಗಳಿಗೆ ಅವಸರವಿಲ್ಲದಿರುವುದೂ ಇದರಿಂದಲೇ ಎಂದು ನನ್ನ ಅನುಮಾನ.

ಈ ಲೆಕ್ಕ ಎಲ್ಲ ಮನೆಗೂ ಹೊಂದುವುದಿಲ್ಲ. ದಿನಕ್ಕೆರಡು ಗಂಟೆ ಮಾತ್ರ ಓಡುವ ಫ್ಯಾನಿನಲ್ಲಿ ವರ್ಷದ ಉಳಿತಾಯ 162 ರೂಪಾಯಿಯಷ್ಟೆ. ಅಂಥ ಕೋಣೆಗೆ ಇರುವ ಹಳೆಯದಕ್ಕೇ ಕಂಡೆನ್ಸರ್ ಹಾಕಿಸುವುದು ಲೇಸು. ಇನ್ನು, 2023ರಲ್ಲಿ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಡಿ ಕರ್ನಾಟಕದ ಲಕ್ಷಾಂತರ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತದೆ. ಆ ಮನೆಯವರು ಬಿಎಲ್‌ಡಿಸಿ ಫ್ಯಾನು ಹಾಕಿಸಿದರೆ ಉಳಿದ ಕರೆಂಟಿನ ಲಾಭ ಸಬ್ಸಿಡಿ ಕೊಡುವ ಸರ್ಕಾರದ ಬೊಕ್ಕಸಕ್ಕೆ, ಬೋರ್ಡು ಸುಟ್ಟಾಗಿನ ಖರ್ಚು ಮಾತ್ರ ಮನೆಯವರಿಗೆ. ಬೇಸಿಗೆಯಲ್ಲಿ ಯೋಜನೆಯ ತಿಂಗಳಿಗೆ 200 ಯೂನಿಟ್ಟಿನ ಗಡಿಯನ್ನು ಕೂದಲೆಳೆಯಲ್ಲಿ ದಾಟಿ ಪೂರ್ತಿ ಬಿಲ್ಲು ಕಟ್ಟುವ ಮನೆಗಳಿಗೆ ಹೊಸ ಫ್ಯಾನಿನಿಂದ ನೇರ ಪ್ರಯೋಜನವಿದೆ. ಎರಡು ಫ್ಯಾನು ಬದಲಿಸಿದರೆ ತಿಂಗಳಿಗೆ ಸುಮಾರು 30 ಯೂನಿಟ್ ಇಳಿಯುತ್ತದೆ. ಸೊನ್ನೆ ಬಿಲ್ಲಿನ ಬಡ ಮನೆಗೆ ಐವತ್ತು ರೂಪಾಯಿಯ ರಿಪೇರಿಯೇ ಲಾಭ. ಅದನ್ನು ಕಿತ್ತುಕೊಂಡು ‘ಕರೆಂಟು ಉಳಿಸಿ’ ಎಂದು ಉಪದೇಶ ಮಾಡುವುದು ನ್ಯಾಯವಲ್ಲ.

ಸರ್ಕಾರಕ್ಕೆ ಈ ವಿಷಯ ಗೊತ್ತಿಲ್ಲವೆಂದಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಒಂದು ಪೋರ್ಟಲನ್ನೂ ತೆರೆಯಿತು. 2024ರಲ್ಲಿ ಮೊಬೈಲು, ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ ರಿಪೇರಿ ಎಷ್ಟು ಸುಲಭವೆಂದು ಅಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ ಬಂತು. ಫ್ರಾನ್ಸ್ 2021ರಿಂದಲೇ ಹತ್ತಕ್ಕೆ ಇಂತಿಷ್ಟು ಎಂದು ಅಂಕವನ್ನು ಕೆಲವು ಬಗೆಯ ವಸ್ತುಗಳ ಮೇಲೆ ಹಾಕಿಸುತ್ತಿದೆ. ನಮ್ಮಲ್ಲಿ ಫ್ಯಾನಿಗೆ ಸ್ಟಾರ್ ಚೀಟಿ 2023ರ ಜನವರಿಯಿಂದ ಕಡ್ಡಾಯ. ಆ ಚೀಟಿಯ ಲೆಕ್ಕ ಪ್ರತಿ ವ್ಯಾಟಿಗೆ ಎಷ್ಟು ಗಾಳಿ ಎಂಬುದರ ಮೇಲೆ ನಿಂತಿದೆ. ಬೋರ್ಡು ಎಷ್ಟು ವರ್ಷ ಸಿಗುತ್ತದೆ, ಎಷ್ಟು ಬೆಲೆಗೆ ಎಂಬ ಮಾತು ಅದರಲ್ಲಿಲ್ಲ.

ಕಾಯ್ದೆ ಬರುವವರೆಗೂ ಕಾಯಬೇಕಿಲ್ಲ, ಒಂದು ಹತ್ತಿರದ ದಾರಿಯಿದೆ. ಎಲ್‌ಇಡಿ ಬಲ್ಬನ್ನು ಸರ್ಕಾರಿ ಸ್ವಾಮ್ಯದ ಇಇಎಸ್‌ಎಲ್ ಸಗಟಿನಲ್ಲಿ ಕೊಂಡಿದ್ದರಿಂದ 2014ರಲ್ಲಿ 310 ರೂಪಾಯಿಯಿದ್ದ ಖರೀದಿ ದರ 2016ಕ್ಕೆ 38ಕ್ಕೆ ಇಳಿಯಿತು. ಅದೇ ಸಂಸ್ಥೆ 2023ರಲ್ಲಿ 1 ಕೋಟಿ ಬಿಎಲ್‌ಡಿಸಿ ಫ್ಯಾನು ಹಂಚುವ ಗುರಿ ಹಾಕಿಕೊಂಡಿತು. ಕೋಟಿ ಫ್ಯಾನು ಕೊಳ್ಳುವ ಗಿರಾಕಿ ಹೇಳಿದ ಮಾತನ್ನು ಕಂಪನಿಗಳು ಕೇಳದೆ ಇರಲಾರವು. ಬೋರ್ಡಿನ ಕನೆಕ್ಟರ್ ಮತ್ತು ವೋಲ್ಟೇಜಿಗೆ ಎಲ್ಲ ಕಂಪನಿಗೂ ಒಂದೇ ಅಳತೆ, ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಬೋರ್ಡು, ಹತ್ತು ವರ್ಷ ಬಿಡಿಭಾಗದ ಪೂರೈಕೆ: ಈ ಮೂರು ಷರತ್ತು ಟೆಂಡರಿನಲ್ಲಿ ಸೇರಿದರೆ ಬೋರ್ಡನ್ನೂ ಬೇರಿಂಗಿನಂತೆ ನಂಬರು ಹೇಳಿ ಕೊಳ್ಳುವ ಕಾಲ ಬಂದೀತು.

ಅಲ್ಲಿಯವರೆಗೆ ನೀವು ಫ್ಯಾನು ಕೊಳ್ಳುವಾಗ ಸ್ಟಾರ್ ಎಷ್ಟೆಂದು ನೋಡಿದ ಮೇಲೆ ಅಂಗಡಿಯವರನ್ನು ಇನ್ನೊಂದು ಮಾತು ಕೇಳಿ: ವಾರಂಟಿ ಮುಗಿದ ಮೇಲೆ ಈ ಮಾಡೆಲಿನ ಬೋರ್ಡು ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ? ಉತ್ತರ ಬಾರದ ಫ್ಯಾನನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.