ಆರು ತಿಂಗಳ ಕೂಸಿಗೆ ದಡಾರದ ಲಸಿಕೆ

2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ ದಡಾರ ಹಬ್ಬಿತು. ಧರ್ಮಶ್ರದ್ಧೆಯಿಂದ ಲಸಿಕೆ ಬೇಡವೆನ್ನುವ ಪ್ರಾಟೆಸ್ಟೆಂಟ್ ಕುಟುಂಬಗಳೇ ಹೆಚ್ಚಿರುವ ಊರುಗಳಲ್ಲಿ ಅದು ಮನೆಯಿಂದ ಮನೆಗೆ ಹಾರಿತು. ಅಲ್ಲಿ ಮೊದಲ ಡೋಸ್ ಸಿಗುವುದು 14ನೇ ತಿಂಗಳಿಗೆ. ಹಾಗಾದರೆ ಅದಕ್ಕಿಂತ ಚಿಕ್ಕ ಕೂಸುಗಳು?

ಆರು ತಿಂಗಳು ತುಂಬಿದವಕ್ಕೂ ಲಸಿಕೆ ಕೊಡಲು ಸರ್ಕಾರ ಮುಂದಾಯಿತು. ಮೊದಲ ಲೆಕ್ಕದಲ್ಲಿ ಶೇ 94ರಷ್ಟು ರಕ್ಷಣೆ ಕಂಡಿತು. ಆದರೆ ಲಸಿಕೆ ಹಾಕಿಸಿಕೊಂಡ ಮಕ್ಕಳ ಅಣ್ಣ, ಅಕ್ಕಂದಿರೂ ಬಹುಮಟ್ಟಿಗೆ ಲಸಿಕೆ ಪಡೆದವರೇ. ಸೋಂಕು ಆ ಮನೆಗಳ ಹೊಸ್ತಿಲು ದಾಟುವುದೇ ಕಡಿಮೆ. ಇಂಥದ್ದನ್ನೆಲ್ಲ ಕಳೆದಾಗ ಉಳಿದದ್ದು ಸುಮಾರು ಶೇ 71, ಅದೂ ಅನಿಶ್ಚಿತ.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಲಸಿಕೆಯ ಬಲ ಕುಗ್ಗಲು ಕಾರಣ ತಾಯಿಯೇ! ಗರ್ಭದಲ್ಲಿ ಅವಳು ದಾಟಿಸಿದ ಪ್ರತಿಕಾಯಗಳು ಕೂಸಿನ ಮೈಯಲ್ಲಿ ಇನ್ನೂ ಉಳಿದಿದ್ದರೆ, ಲಸಿಕೆಯ ದುರ್ಬಲ ವೈರಸ್ಸನ್ನೂ ಅವು ಅಡಗಿಸುತ್ತವೆ. ಎಂಟೂವರೆ ತಿಂಗಳಿಗೂ ಮುಂಚೆ ಲಸಿಕೆ ಪಡೆದ ಡಚ್ ಮಕ್ಕಳಲ್ಲಿ ಪ್ರತಿಕಾಯಗಳು ಬೇಗ ಕರಗಿದ್ದೂ ಕಂಡುಬಂತು.

ಹಾಗೆಂದು ಇಷ್ಟು ಬೇಗ ಕೊಡುವ ಲಸಿಕೆ ವ್ಯರ್ಥವಲ್ಲ. ದಡಾರ ಪಕ್ಕದ ಮನೆಗೇ ಬಂದಾಗ ಅರೆ ರಕ್ಷೆಯೂ ಜೀವ ಉಳಿಸೀತು. 2022ರಲ್ಲಿ ಮುಂಬೈಯಲ್ಲಿ ದಡಾರ ಉಲ್ಬಣಿಸಿದಾಗ, ಶಿಶುಗಳಲ್ಲಿ ಪ್ರಕರಣ ಹೆಚ್ಚಿರುವೆಡೆ ಆರರಿಂದ ಒಂಬತ್ತು ತಿಂಗಳೊಳಗಿನವರಿಗೂ ಒಂದು ಡೋಸ್ ನೀಡಲು ಕೇಂದ್ರ ಸರ್ಕಾರ ಸೂಚಿಸಿತು. ಅದು ಹೆಚ್ಚುವರಿ ಡೋಸ್ ಮಾತ್ರ. 9 ಮತ್ತು 16ನೇ ತಿಂಗಳು ತುಂಬಿದ ಮೇಲಿನ ಎರಡೂ ಡೋಸ್ ಆ ಮಕ್ಕಳಿಗೆ ಬೇಕೇ ಬೇಕು.