ಗುಳಿಗೆಗಿಂತ ಮೊದಲು ಎದೆ ತೋರಿಸಿ

ಪ್ರಶ್ನೆ: ನನಗೆ 48 ವರ್ಷ, ಸಕ್ಕರೆ ಕಾಯಿಲೆ ಇದೆ. ವರ್ಷದಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ಗೆಳೆಯರು ಹೇಳುವ ಗುಳಿಗೆ ಹೇಗೆ ಕೆಲಸ ಮಾಡುತ್ತದೆ? ಅಂಗಡಿಯಲ್ಲಿ ಕೇಳಿ ತಗೊಳ್ಳಬಹುದೇ?
– ಓದುಗರು, ಬೇವೂರು, ಯಲಬುರ್ಗಾ ತಾಲ್ಲೂಕು

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಒಳಗೇ ಕೊರಗುವವರು ಬಹಳ. ರಕ್ತನಾಳಗಳು ಸಡಿಲಗೊಂಡು ರಕ್ತ ತುಂಬಿಕೊಂಡಾಗ ಶಿಶ್ನ ನಿಮಿರುತ್ತದೆ. ನಾಳ ಸಡಿಲಿಸುವ ರಾಸಾಯನಿಕವನ್ನು ಪಿಡಿಇ-5 ಎಂಬ ಕಿಣ್ವ ಒಡೆಯುತ್ತದೆ. ಸಿಲ್ಡೆನಾಫಿಲ್, ಟಡಾಲಾಫಿಲ್ ಗುಳಿಗೆಗಳು ಆ ಕಿಣ್ವವನ್ನು ತಡೆಯುತ್ತವೆ. ಎದೆನೋವಿಗೆಂದು ಪರೀಕ್ಷಿಸುತ್ತಿದ್ದ ಸಿಲ್ಡೆನಾಫಿಲ್‌ಗೆ 1998ರಲ್ಲಿ ಅಮೆರಿಕದಲ್ಲಿ ನಿಮಿರುವಿಕೆಯ ತೊಂದರೆಗೆ ಬಳಸಲು ಒಪ್ಪಿಗೆ ಸಿಕ್ಕಿತು. ಇವು ಆಸೆ ಹುಟ್ಟಿಸುವುದಿಲ್ಲ. ಮನಸ್ಸು ಕೂಡಿದಾಗಷ್ಟೇ ಫಲ. ಸಿಲ್ಡೆನಾಫಿಲ್ ಸುಮಾರು ಒಂದು ಗಂಟೆ ಮುಂಚೆ ನುಂಗಬೇಕು. ಹೊಟ್ಟೆ ತುಂಬ ಮಿರ್ಚಿ ಭಜಿ ತಿಂದು ನುಂಗಿದರೆ ತಡವಾಗುತ್ತದೆ. ಟಡಾಲಾಫಿಲ್ ಪ್ರಭಾವ 36 ಗಂಟೆವರೆಗೂ ಇರಬಹುದು.

ಆದರೆ ನೇರ ಅಂಗಡಿಗೆ ಹೋಗಬೇಡಿ. ಇವು ವೈದ್ಯರ ಚೀಟಿ ಮೇಲಷ್ಟೇ ಕೊಡಬೇಕಾದ ಔಷಧಿ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಜೊತೆ ಸೇರಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಜೀವಕ್ಕೇ ಕುತ್ತು. ಇನ್ನೊಂದು ಮಾತು, ನನಗೆ ಇದೇ ಮುಖ್ಯ: ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ಹಾಗಾಗಿ ನಾಳ ಕಟ್ಟಿಕೊಳ್ಳುವ ಸುಳಿವು ಅಲ್ಲೇ ಮೊದಲು ಸಿಗಬಹುದು. ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಯಲ್ಲೋ ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲೋ ಸಕ್ಕರೆ, ಬಿಪಿ, ಹೃದಯ ತೋರಿಸಿ. ನುಂಗುತ್ತಿರುವ ಗುಳಿಗೆಗಳ ಹಾಳೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಗೋಡೆಬರಹದ ‘ಶಕ್ತಿ ಪುಡಿ’ ಬೇಡ; ಅಂಥವುಗಳಲ್ಲಿ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ವೈದ್ಯರು ಗುಳಿಗೆ ಕೊಟ್ಟ ಮೇಲೆ ನಿಮಿರುವಿಕೆ 4 ಗಂಟೆ ದಾಟಿದರೆ, ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.