ನೆಲದೊಳಗಿನ ನೀರು: ಅಸಲು ಮತ್ತು ಬಡ್ಡಿಯ ಲೆಕ್ಕ

ಅಸಲಿಗೂ ಬಡ್ಡಿಗೂ ಇರುವ ಭೇದವನ್ನು ವ್ಯವಸಾಯಗಾರರಿಗೆ ಬೇರೊಬ್ಬರು ತಿಳಿಸಬೇಕಾದುದಿಲ್ಲ. ಬಿತ್ತನೆಗೆಂದು ತೆಗೆದಿರಿಸಿದ ರಾಗಿಯನ್ನು ಉಂಡು ತೀರಿಸಿದ ಮನೆಯವರು ಮುಂಗಾರು ಬಂದಾಗ ಸಾಹುಕಾರನ ಬಾಗಿಲಿಗೆ ಹೋಗಬೇಕಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಒಂದು ಮನೆಗೆ ಸಲ್ಲುವ ಈ ನೀತಿಯು ಒಂದು ಗ್ರಾಮಕ್ಕೂ, ಒಂದು ದೇಶಕ್ಕೂ, ಸಮಸ್ತ ಭೂಮಂಡಲಕ್ಕೂ ಸಲ್ಲತಕ್ಕದ್ದು. ಮಳೆ, ಬಿಸಿಲು, ಹುಲ್ಲು, ಸೌದೆ ಮೊದಲಾದುವು ಪ್ರಕೃತಿಯು ನಮಗೆ ವರ್ಷವರ್ಷವೂ ಕೊಡುವ ಬಡ್ಡಿ. ಮೇಲ್ಮಣ್ಣು, ಕಾಡು, ಕಲ್ಲಿದ್ದಲು, ನೆಲದೊಳಗಿನ ನೀರು ಇವು ಬಹುಕಾಲದಿಂದ ಕೂಡಿಬಂದ ಅಸಲು. ಈಗ ನಾವು ಬಡ್ಡಿಯನ್ನು ಸಾಲದೆಂದು ಅಸಲಿಗೆ ಕೈಯಿಕ್ಕಿರುವೆವು. ಇವುಗಳ ಪೈಕಿ ನೆಲದೊಳಗಿನ ನೀರಿನ ವಿಚಾರವು ನಮ್ಮ ಬಯಲುಸೀಮೆಯ ಗ್ರಾಮಮುಖಂಡರಿಗೂ ಜಮೀನುದಾರರಿಗೂ ಅತ್ಯಂತ ಹತ್ತಿರವಾದುದರಿಂದ ಅದನ್ನೇ ಇಲ್ಲಿ ವಿವರಿಸಲಾಗಿದೆ.

ಭೂಮಂಡಲದ ಸ್ಥಿತಿ

೧೯೫೦ನೆಯ ಇಸವಿಯಲ್ಲಿ ಪ್ರಪಂಚದ ಜನಸಂಖ್ಯೆಯು ಸುಮಾರು ೨೫೦ ಕೋಟಿ ಇದ್ದಿತು. ೨೦೨೨ನೆಯ ನವೆಂಬರ್ ತಿಂಗಳಲ್ಲಿ ಅದು ೮೦೦ ಕೋಟಿಯನ್ನು ಮುಟ್ಟಿತು. ಜನರು ಮೂರು ಪಟ್ಟಿಗೂ ಹೆಚ್ಚಾದರು. ಒಬ್ಬೊಬ್ಬರ ಖರ್ಚೂ ಅದರೊಡನೆ ಹೆಚ್ಚಿತು. ೧೯೫೮ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಇಂಗಾಲಾಮ್ಲವಾಯುವನ್ನು ಅಳೆಯಲಾರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ೩೧೫ ಭಾಗದಷ್ಟಿದ್ದ ಆ ವಾಯುವು ಈಗ ೪೨೦ನ್ನು ಮೀರಿದೆ. ಇದರಿಂದ ಭೂಮಿಯ ಶಾಖವು ಏರುತ್ತಿದೆ. ಶಾಖವೇರಿದ ಗಾಳಿಯು ಹೆಚ್ಚು ಆವಿಯನ್ನು ಹೊರಬಲ್ಲುದಾದಕಾರಣ, ಹದವಾಗಿ ಸುರಿಯಬೇಕಾದ ಮಳೆಯು ಕೆಲವೇ ಗಂಟೆಗಳಲ್ಲಿ ಜಡಿದು ಹರಿದುಹೋಗುವ ಸಂದರ್ಭಗಳು ಹೆಚ್ಚುತ್ತಿವೆ.

ನೀರಿನ ವಿಚಾರವೂ ಹೀಗೆಯೇ ಇದೆ. ಪ್ರಪಂಚದಲ್ಲಿ ನೆಲದೊಳಗಿನ ನೀರನ್ನು ಅತಿ ಹೆಚ್ಚಾಗಿ ಎತ್ತುವ ದೇಶವು ನಮ್ಮ ಹಿಂದೂಸ್ಥಾನವೇ. ೨೦೦೨ರಲ್ಲಿ ಅಮೆರಿಕ ಮತ್ತು ಜರ್ಮನಿ ದೇಶಗಳವರು ಹಾರಿಸಿದ ಜೋಡಿ ಉಪಗ್ರಹಗಳು ಭೂಮಿಯ ಆಕರ್ಷಣೆಯಲ್ಲಾಗುವ ಸೂಕ್ಷ್ಮ ವ್ಯತ್ಯಾಸಗಳಿಂದ ಅಂತರ್ಜಲದ ಏರಿಳಿತವನ್ನು ತಿಳಿಸಿದುವು. ೨೦೦೨ರಿಂದ ೨೦೦೮ರ ವರೆಗೆ ಪಂಜಾಬು, ಹರಿಯಾಣ, ರಾಜಸ್ಥಾನ ಪ್ರಾಂತಗಳಲ್ಲಿ ೧೦೯ ಘನ ಕಿಲೋಮೀಟರು ನೀರು ನಷ್ಟವಾಯಿತೆಂದು ಅವುಗಳಿಂದ ಲೆಕ್ಕ ಹಾಕಲಾಯಿತು. ಕನ್ನಂಬಾಡಿಯ ಕೃಷ್ಣರಾಜಸಾಗರವು ತುಂಬಿದಾಗ ಹಿಡಿಯುವ ನೀರಿಗೆ ಇದು ೭೫ ಪಟ್ಟಿಗೂ ಹೆಚ್ಚು. ಹೀಗೆ ಮೇಲೆತ್ತಿದ ನೀರಿನ ಬಹುಭಾಗವು ಆವಿಯಾಗಿಯೂ ಹರಿದೂ ಕೊನೆಗೆ ಸಮುದ್ರವನ್ನು ಸೇರುತ್ತದೆ. ೧೯೯೩ರಿಂದ ೨೦೧೦ರ ವರೆಗೆ ಮನುಷ್ಯರು ಎತ್ತಿದ ಅಂತರ್ಜಲದ ಭಾರವು ಸ್ಥಳಾಂತರವಾದುದರಿಂದ ಭೂಮಿಯು ತಿರುಗುವ ಧ್ರುವವೇ ಸುಮಾರು ೮೦ ಸೆಂಟಿಮೀಟರು ಸರಿಯಿತೆಂದು ೨೦೨೩ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹೊಲದ ಮೂಲೆಯಲ್ಲಿ ನಿಂತ ಪಂಪು ಎಷ್ಟು ದೂರ ಕೈಚಾಚಿರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಸೀಮೆಯ ನೆಲದ ಸ್ವಭಾವ

ಪಂಜಾಬಿನ ನೆಲದಲ್ಲಿ ಮರಳು ಮೆಕ್ಕಲುಗಳು ನೂರಾರು ಅಡಿ ದಪ್ಪವಾಗಿವೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ತುಮಕೂರು ಜಿಲ್ಲೆಗಳ ನೆಲವು ಅಂತಹುದಲ್ಲ. ಮೇಲೆ ಸ್ವಲ್ಪ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲಿನ ಪದರ, ಅದಕ್ಕೂ ಕೆಳಗೆ ಅಲ್ಲಲ್ಲಿ ಬಿರುಕುಗಳುಳ್ಳ ಗಟ್ಟಿಬಂಡೆ. ಹಿಂದಿನವರು ತೋಡಿದ ಕಪಿಲೆಬಾವಿಗಳಿಗೆ ನೀರು ಒದಗುತ್ತಿದ್ದುದು ಈ ಶಿಥಿಲ ಪದರದಿಂದಲೇ. ಈ ಪದರದ ನೂರು ಭಾಗದಲ್ಲಿ ಬಾವಿಗೆ ಜಿನುಗಿ ಬರತಕ್ಕ ನೀರು ಸಾಮಾನ್ಯವಾಗಿ ಒಂದರಿಂದ ಮೂರು ಭಾಗ ಮಾತ್ರ. ಎರಡು ಭಾಗವೆಂದಿಟ್ಟುಕೊಂಡರೆ, ಮಳೆಯಿಂದ ಇಂಗಿದುದಕ್ಕಿಂತ ಒಂದೇ ಒಂದು ಅಂಗುಲ ನೀರನ್ನು ಹೆಚ್ಚಾಗಿ ಎತ್ತಿದರೂ ನೆಲದೊಳಗಿನ ನೀರಿನ ಮಟ್ಟವು ೫೦ ಅಂಗುಲ, ಎಂದರೆ ನಾಲ್ಕು ಅಡಿಗೂ ಮೇಲೆ ಇಳಿಯುವುದು. ಹತ್ತು ವರ್ಷ ಹೀಗೆಯೇ ನಡೆದರೆ ನಲವತ್ತು ಅಡಿಯ ಬಾವಿಗಳೆಲ್ಲಾ ಬತ್ತಿಹೋಗುವುದರಲ್ಲಿ ಆಶ್ಚರ್ಯವೇನಿದೆ?

ಹೀಗೆ ಬತ್ತಿದ ತರುವಾಯ ಕೊಳವೆಬಾವಿಗಳು ಬಂದುವು. ಅವು ಮೊದಲು ನೂರಿನ್ನೂರು ಅಡಿಯಲ್ಲಿದ್ದು, ಈಗ ಅನೇಕ ಕಡೆ ಸಾವಿರ ಅಡಿಯನ್ನು ಮೀರಿವೆ. ಆಳಕ್ಕೆ ಹೋದಷ್ಟೂ ನೀರು ಹೆಚ್ಚು ದೊರೆಯುವುದೆಂಬ ನಂಬಿಕೆಯು ಸರಿಯಲ್ಲ. ಆಳ ಹೆಚ್ಚಿದಂತೆ ಬಂಡೆಯ ಬಿರುಕುಗಳು ಕಡಿಮೆಯಾಗುತ್ತವೆ. ಅಲ್ಲಿನ ನೀರು ಬಹುಕಾಲದಿಂದ ನಿಂತದ್ದು. ಅದು ತೀರಿದರೆ ನಮ್ಮ ಮಕ್ಕಳ ಕಾಲದಲ್ಲಿ ಮತ್ತೆ ತುಂಬುವುದೆಂದು ನೆಚ್ಚುವಂತಿಲ್ಲ. ಬಹುಕಾಲ ಕಲ್ಲಿನ ಸಂಪರ್ಕದಲ್ಲಿರುವ ನೀರಿನಲ್ಲಿ ಫ್ಲೋರೈಡು ಎಂಬ ಲವಣವೂ ಹೆಚ್ಚುತ್ತದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಮಿಗೆ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ಅಂತಹ ನೀರನ್ನು ಕುಡಿದ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುವುದೂ, ಬಹುಕಾಲ ಕುಡಿದ ದೊಡ್ಡವರ ಮೂಳೆಕೀಲುಗಳು ಬಿಗಿಯುವುದೂ ಈ ಜಿಲ್ಲೆಗಳ ಅನೇಕ ಗ್ರಾಮಗಳವರು ಕಣ್ಣಾರೆ ಕಂಡ ವಿಷಯ.

ಮಳೆಯ ಜಮೆ, ಪೈರಿನ ಖರ್ಚು

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರು ನೀರು. ಈ ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟರೆ ಮಿಕ್ಕುದೆಲ್ಲಾ ಸುಲಭ. ಕೋಲಾರದ ಕಡೆ ವರ್ಷಕ್ಕೆ ಸರಾಸರಿ ೨೮ ಅಂಗುಲ ಮಳೆಯೆಂದರೆ ಎಕರೆಯೊಂದಕ್ಕೆ ೨೮ ಲಕ್ಷ ಲೀಟರು ಜಮೆ. ಇದರಲ್ಲಿ ಬಹುಪಾಲು ಆವಿಯಾಗಿಯೂ, ಗಿಡಗಳಿಗೆ ಆಹಾರವಾಗಿಯೂ, ಹಳ್ಳಕ್ಕೆ ಹರಿದೂ ಹೋಗಿ, ಆಳಕ್ಕೆ ಇಂಗುವುದು ನೂರಕ್ಕೆ ಸುಮಾರು ಹತ್ತು ಪಾಲು, ಎಂದರೆ ೨ ಲಕ್ಷ ೮೦ ಸಾವಿರ ಲೀಟರು. ಇದೇ ನಮ್ಮ ವರ್ಷದ ಬಡ್ಡಿ.

ಇನ್ನು ಖರ್ಚಿನ ವಿಚಾರ. ಬೇಸಗೆಯಲ್ಲಿ ಕೊಳವೆಬಾವಿಯ ನೀರಿನಿಂದಲೇ ಒಂದು ಎಕರೆ ಬತ್ತವನ್ನು ಬೆಳೆದರೆ ಸುಮಾರು ೪೮ ಅಂಗುಲ, ಎಂದರೆ ೪೮ ಲಕ್ಷ ಲೀಟರು ನೀರು ಬೇಕು. ಹದಿನೇಳು ಎಕರೆಯಲ್ಲಿ ವರ್ಷವೆಲ್ಲಾ ಇಂಗಿದ ನೀರು ಈ ಒಂದು ಎಕರೆಗೆ ಸಂದಿತು. ಗದ್ದೆಯಿಂದ ಮತ್ತೆ ಇಂಗುವ ಭಾಗವನ್ನು ಕಳೆದರೂ ಹತ್ತು ಹನ್ನೆರಡು ಎಕರೆಯ ಬಡ್ಡಿಗೆ ಕಡಿಮೆಯಿಲ್ಲ. ಆ ಹತ್ತು ಹನ್ನೆರಡು ಎಕರೆಯ ಒಡೆಯರು ಬೇರೆಯವರಾದರೆ, ಅವರ ಪಾಲಿನ ನೀರನ್ನೂ ಇವನೇ ಮಾರಿದಂತಾಯಿತು. ಮಳೆಗಾಲದಲ್ಲಿ ಖುಷ್ಕಿಯಲ್ಲಿ ಬೆಳೆಯುವ ರಾಗಿ, ಅವರೆ, ತೊಗರಿಗಳಾದರೋ ಬಿದ್ದ ಮಳೆಯಲ್ಲಿಯೇ ತಮ್ಮ ಜೀವನವನ್ನು ಸಾಗಿಸಿಕೊಳ್ಳುತ್ತವೆ.

ಇಂಗುವ ನೀರಿಗಿಂತ ಎತ್ತುವ ನೀರು ಹೆಚ್ಚಾದ ತಾಲ್ಲೂಕನ್ನು ಸರ್ಕಾರದವರು ಅತಿಬಳಕೆಯ ತಾಲ್ಲೂಕೆಂದು ಎಣಿಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ತಾಲ್ಲೂಕುಗಳು ಬಹುಕಾಲದಿಂದ ಈ ಪಟ್ಟಿಯಲ್ಲಿವೆ. ಅಸಲು ಕರಗುತ್ತಿದೆಯೆಂಬುದಕ್ಕೆ ಇದೇ ಸಾಕ್ಷಿ.

ಕೆರೆಗಳ ಸ್ಥಾನ

ಸದಾ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ನಮ್ಮ ಪೂರ್ವಿಕರು ಹಳ್ಳಹಳ್ಳಕ್ಕೂ ಏರಿ ಹಾಕಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಬೀಳುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಕರ್ನಾಟಕದಲ್ಲಿ ಇಂತಹ ೩೬,೦೦೦ಕ್ಕೂ ಮೀರಿದ ಕೆರೆಗಳಿವೆ. ಕೆರೆಯು ಅಚ್ಚುಕಟ್ಟಿಗೆ ನೀರು ಕೊಡುವುದಲ್ಲದೆ ಸುತ್ತಣ ಬಾವಿಗಳಿಗೂ ಜೀವವಾಗಿತ್ತು. ನೀರುಗಂಟಿಯು ತೂಬನ್ನು ತೆಗೆದು ಮುಚ್ಚಿ ಎಲ್ಲರಿಗೂ ಸರದಿಯಂತೆ ನೀರು ಹಂಚುತ್ತಿದ್ದನು. ಬೇಸಗೆಯಲ್ಲಿ ರೈತರು ಕೆರೆಯ ಗೋಡನ್ನು ಗಾಡಿಗಳಲ್ಲಿ ಹೇರಿ ಹೊಲಗಳಿಗೆ ಹಾಕುತ್ತಿದ್ದರು. ಇದರಿಂದ ಕೆರೆಯ ಆಳವೂ ಉಳಿಯಿತು, ಹೊಲದ ಸಾರವೂ ಹೆಚ್ಚಿತು.

ಪ್ರತಿಯೊಬ್ಬ ಅನುಕೂಲಸ್ಥನಿಗೂ ಸ್ವಂತ ಕೊಳವೆಬಾವಿಯಾದ ಮೇಲೆ ಕೆರೆಯ ಕಡೆ ನೋಡುವವರಿಲ್ಲದೆ ಹೋಯಿತು. ಹೂಳು ತುಂಬಿತು, ಕಾಲುವೆಗಳು ಒತ್ತುವರಿಯಾದುವು, ಜಲಾನಯನದ ಗೋಮಾಳಗಳಲ್ಲಿಯೂ ಖುಷ್ಕಿ ಹೊಲಗಳಲ್ಲಿಯೂ ನೀಲಗಿರಿಯ ತೋಪುಗಳೆದ್ದುವು. ಇಂತಹ ತೋಪುಗಳನ್ನು ಹೊಸದಾಗಿ ನೆಡಬಾರದೆಂದು ಸರ್ಕಾರವು ೨೦೧೭ರಲ್ಲಿ ಆಜ್ಞೆ ಮಾಡಬೇಕಾಯಿತು. ಕೆರೆ ಕೆಟ್ಟುದರಿಂದ ಕೊಳವೆಬಾವಿಯೂ ಕೆಟ್ಟಿತು. ೨೦೧೮ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಲಾಗುತ್ತಿದ್ದು, ಸುತ್ತಣ ಬಾವಿಗಳಲ್ಲಿ ನೀರು ಮೇಲೇರಿರುವುದು ಕಂಡುಬಂದಿದೆ. ಕೆರೆಗೂ ಬಾವಿಗೂ ಇರುವ ಸಂಬಂಧವು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಆ ನೀರು ಇಂಗುವುದಕ್ಕಾಗಿ ಬಿಟ್ಟದ್ದು. ಅದನ್ನು ಕೆರೆಯಿಂದ ನೇರವಾಗಿ ಪಂಪಿಟ್ಟು ಎತ್ತುವುದು ಸರಿಯಲ್ಲ; ಹತ್ತಿರದ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸದೆ ಕುಡಿಯತಕ್ಕದ್ದಲ್ಲ.

ಒಬ್ಬರಿಂದ ಆಗದ ಕೆಲಸ

“ನಾನೊಬ್ಬನು ಪಂಪನ್ನು ನಿಲ್ಲಿಸಿದರೆ ನೆರೆಯವನು ಎತ್ತಿಕೊಳ್ಳುವನು, ನನಗೆ ನಷ್ಟವೇ ಹೊರತು ಊರಿಗೆ ಲಾಭವೇನು?” ಎಂದು ರೈತರು ಕೇಳುವುದುಂಟು. ಈ ಪ್ರಶ್ನೆಯು ನ್ಯಾಯವಾದುದೇ. ಜಮೀನಿಗೆ ಬದು ಇದೆ, ನೆಲದೊಳಗಿನ ನೀರಿಗೆ ಬದು ಇಲ್ಲ. ಹತ್ತು ಅಶ್ವಶಕ್ತಿಯ ವರೆಗಿನ ಪಂಪುಗಳಿಗೆ ವಿದ್ಯುಚ್ಛಕ್ತಿಯು ಉಚಿತವಾಗಿರುವುದರಿಂದ ಎತ್ತುವವನ ಕೈ ಹಿಡಿಯುವುದೂ ಯಾವುದೂ ಇಲ್ಲ. ಸಾವಿರ ಅಡಿ ಕೊರೆಸಬಲ್ಲವನ ಬಾವಿಯಲ್ಲಿ ನೀರು ಬಂದಾಗ, ಮುನ್ನೂರು ಅಡಿಯ ಬಡವನ ಬಾವಿ ಬತ್ತುತ್ತದೆ. ಅವನು ಸಾಲ ಮಾಡಿ ಇನ್ನೊಂದನ್ನು ಕೊರೆಸುತ್ತಾನೆ. ಅದೂ ಒಣಗಿದರೆ ಜಮೀನನ್ನು ಮಾರುತ್ತಾನೆ. ಆದಕಾರಣ ಈ ಕೆಲಸವು ಒಬ್ಬೊಬ್ಬರ ಸದ್ಬುದ್ಧಿಯಿಂದ ಆಗತಕ್ಕದ್ದಲ್ಲ. ಊರೆಲ್ಲಾ ಸೇರಿ ಕಟ್ಟಳೆ ಮಾಡಿಕೊಂಡಾಗ ಮಾತ್ರ ಸಾಧ್ಯ.

ಇದು ಬರಿಯ ಮಾತಲ್ಲ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯಲ್ಲಿ ಹಿವರೆ ಬಜಾರ್ ಎಂಬ ಗ್ರಾಮವಿದೆ. ಅಲ್ಲಿನ ಮಳೆ ಕೋಲಾರದ ಮಳೆಗಿಂತ ಬಹಳ ಕಡಿಮೆ. ಜನರು ಕೂಲಿಗಾಗಿ ಊರನ್ನು ಬಿಟ್ಟು ಹೋಗುತ್ತಿದ್ದರು. ೧೯೮೯ರಲ್ಲಿ ಪೋಪಟರಾವ್ ಪವಾರ್ ಎಂಬವರು ಗ್ರಾಮದ ಮುಖ್ಯಸ್ಥರಾದ ತರುವಾಯ ಗ್ರಾಮಸ್ಥರು ಗುಡ್ಡಗಳಲ್ಲಿ ಬದುಗಳನ್ನು ಹಾಕಿ, ಮರ ಕಡಿಯುವುದನ್ನೂ ದನಗಳನ್ನು ಮನಬಂದಂತೆ ಮೇಯಬಿಡುವುದನ್ನೂ ನಿಲ್ಲಿಸಿದರು. ಬೇಸಾಯಕ್ಕೆ ಕೊಳವೆಬಾವಿ ಕೂಡದು, ಕಬ್ಬು ಬಾಳೆಗಳು ಕೂಡದು ಎಂದು ಕಟ್ಟುಮಾಡಿದರು. ಬಿದ್ದ ಮಳೆಯನ್ನು ಅಳೆದು, ಆ ವರ್ಷ ಯಾವ ಪೈರಿಗೆ ನೀರು ಸಾಕೆಂಬುದನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸುವ ಪದ್ಧತಿಯನ್ನು ಇಟ್ಟುಕೊಂಡರು. ಬಾವಿಗಳಲ್ಲಿ ನೀರು ನಿಂತಿತು. ಊರು ಬಿಟ್ಟಿದ್ದ ಸಂಸಾರಗಳು ಮರಳಿ ಬಂದುವು.

ಗ್ರಾಮಮುಖಂಡರು ಮಾಡತಕ್ಕ ಕೆಲಸಗಳು

೧. ಊರಿನಲ್ಲಿ ಒಂದು ಮಳೆಮಾಪಕವನ್ನಿರಿಸಿ ಮಳೆಯನ್ನು ಬರೆದಿಡತಕ್ಕದ್ದು. ನಾಲ್ಕಾರು ಬಾವಿಗಳನ್ನು ಗೊತ್ತುಮಾಡಿ, ಮುಂಗಾರಿಗೆ ಮುಂಚೆ ಒಂದು ಸಲ, ಹಿಂಗಾರು ಮುಗಿದ ಮೇಲೆ ಒಂದು ಸಲ ಹಗ್ಗ ಬಿಟ್ಟು ನೀರಿನ ಮಟ್ಟವನ್ನು ಅಳೆಯಬೇಕು. ಲೆಕ್ಕವಿಲ್ಲದೆ ಕಟ್ಟಳೆಯಿಲ್ಲ.

೨. ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆಸಬೇಕು. ಐವತ್ತು ಎಕರೆಯ ಕೆರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಆರು ಕೋಟಿ ಲೀಟರು ನೀರಿಗೆ ಸ್ಥಳವಾಗುವುದು. ಗೋಡನ್ನು ಹೊಲಗಳಿಗೆ ಹಂಚಿದರೆ ಸಾಗಿಸಿದ ಖರ್ಚು ವ್ಯರ್ಥವಾಗದು. ಕೆರೆಗೆ ನೀರು ಬರುವ ಕಾಲುವೆಗಳನ್ನು ಅಳೆಸಿ ಒತ್ತುವರಿಯನ್ನು ಬಿಡಿಸುವುದು ಇದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ. ಕಾಲುವೆಯಿಲ್ಲದ ಕೆರೆಯು ಬರಿಯ ಹಳ್ಳ.

೩. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ, ಅಡ್ಡಲಾಗಿಯೇ ಉತ್ತು, ಹೊಲದ ತಗ್ಗಿನಲ್ಲಿ ಹೊಂಡವನ್ನು ತೋಡಿದರೆ ಜಡಿಮಳೆಯೂ ಮಣ್ಣನ್ನು ಕೊಚ್ಚದೆ ಇಂಗುವುದು.

೪. ಬೇಸಗೆಯ ಬತ್ತವನ್ನು ಕೊಳವೆಬಾವಿಯ ನೀರಿನಲ್ಲಿ ಬೆಳೆಯುವುದನ್ನು ಊರೊಟ್ಟಾಗಿ ನಿಲ್ಲಿಸಬೇಕು. ಹಿಪ್ಪುನೇರಳೆ, ತರಕಾರಿ, ಮಾವುಗಳಿಗೆ ಹನಿನೀರಾವರಿಯು ಉತ್ತಮ. ಆದರೆ ಹನಿಯಿಂದ ಉಳಿದ ನೀರಿಗೆ ಇನ್ನೊಂದು ಎಕರೆಯನ್ನು ಸೇರಿಸಿದರೆ ಉಳಿತಾಯವೇ ಇಲ್ಲವೆಂಬುದನ್ನು ಮರೆಯಬಾರದು.

೫. ೨೦೧೧ನೆಯ ಇಸವಿಯ ಅಂತರ್ಜಲ ಕಾಯಿದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಬಾವಿಯನ್ನು ಕೊರೆಸಕೂಡದು. ಈ ನಿಬಂಧನೆಯನ್ನು ಮೊದಲು ಪಾಲಿಸಬೇಕಾದವರು ಊರಿನ ದೊಡ್ಡ ಜಮೀನುದಾರರೇ. ಅವರು ಮೀರಿದರೆ ಚಿಕ್ಕವರಿಗೆ ಹೇಳುವ ಬಾಯಿ ಯಾರಿಗೂ ಇರದು.

ಭೂಮಂಡಲದ ಶಾಖವನ್ನು ಇಳಿಸುವುದು ಒಂದು ಗ್ರಾಮದ ಕೈಯಲ್ಲಿಲ್ಲ. ತನ್ನ ಎಲ್ಲೆಯೊಳಗೆ ಬಿದ್ದ ಮಳೆಯ ಲೆಕ್ಕವನ್ನು ಇಟ್ಟು, ಬಡ್ಡಿಯಲ್ಲಿ ಬದುಕುವುದು ಮಾತ್ರ ಗ್ರಾಮದ ಕೈಯಲ್ಲಿಯೇ ಇದೆ. ಈ ಬೇಸಗೆಯಲ್ಲಿ ಗ್ರಾಮಸಭೆಯು ಸೇರಿದಾಗ ಮುಖಂಡರು ಮೊದಲನೆಯ ವಿಷಯವಾಗಿ ಊರಿನ ಬಾವಿಗಳ ಮಟ್ಟವನ್ನು ಓದಿಸಲಿ; ಎರಡನೆಯದಾಗಿ ಕೆರೆಯ ಹೂಳು ತೆಗೆಯುವ ದಿನವನ್ನು ಗೊತ್ತುಮಾಡಲಿ. ಮಿಕ್ಕ ಕೆಲಸಗಳಿಗೆ ಬೇಕಾದ ಸಲಹೆಯನ್ನು ಇಲಾಖೆಯ ಸ್ಥಳೀಯ ನೌಕರರು ಸಂತೋಷದಿಂದ ಕೊಡುವರು.